ಮತ್ತೆ ನೋಡಿದರೆ ‘ಲಾಸ್ಟ್’
2010ರ ಮೇ 23ರಂದು ಅಮೆರಿಕದ ಎಬಿಸಿ ವಾಹಿನಿಯಲ್ಲಿ ‘ಲಾಸ್ಟ್’ ಧಾರಾವಾಹಿ ಮುಗಿದಾಗ ಅಭಿಮಾನಿಗಳಲ್ಲೇ ಎರಡು ಬಣಗಳಾದವು. ಆರು ಸೀಸನ್ ಕಾದವರಿಗೆ ವಿಮಾನ ಅಪಘಾತದಲ್ಲಿ ಬದುಕುಳಿದ ಪ್ರಯಾಣಿಕರು ಸಿಲುಕಿದ್ದ ದ್ವೀಪದ ಗುಟ್ಟುಗಳಿಗೆಲ್ಲ ಉತ್ತರ ಬೇಕಿತ್ತು. ಆ ಪ್ರಯಾಣಿಕರೆಲ್ಲ ಮೊದಲೇ ಸತ್ತಿದ್ದರೆಂಬ ತಪ್ಪು ತಿಳಿವಳಿಕೆಯೂ ಹಬ್ಬಿತು. ಕೊನೆಗೆ ವಾಹಿನಿ ತೋರಿಸಿದ ವಿಮಾನದ ಅವಶೇಷಗಳ ದೃಶ್ಯ ಅದಕ್ಕೆ ಇಂಬು ಕೊಟ್ಟಿತು. ಆದರೆ ನಡೆದದ್ದೆಲ್ಲ ನಿಜವೆಂದು ಕಥಾನಾಯಕ ಜ್ಯಾಕ್‌ನ ತಂದೆ ಅದೇ ಕಂತಿನಲ್ಲಿ ಬಾಯಿಬಿಟ್ಟು ಹೇಳುತ್ತಾನೆ!

ಈಗ ವಾರಗಟ್ಟಲೆ ಕಾಯದೆ ಒಟ್ಟಿಗೆ ನೋಡುವಾಗ ಒಗಟಿಗಿಂತ ಮನುಷ್ಯರೇ ಎದ್ದು ಕಾಣುತ್ತಾರೆ. 2008ರ ‘ದಿ ಕಾನ್‌ಸ್ಟೆಂಟ್’ ಕಂತನ್ನೇ ನೋಡಿ. ಕಾಲದಲ್ಲಿ ಹಿಂದೆಮುಂದೆ ಜಾರುತ್ತ ಸಾವಿನಂಚಿಗೆ ಬಂದ ಡೆಸ್ಮಂಡ್, ಎಂಟು ವರ್ಷಗಳ ಬಳಿಕ ಪ್ರೇಯಸಿ ಪೆನ್ನಿಗೆ ಫೋನ್ ಮಾಡುತ್ತಾನೆ, ಅವಳು ಎತ್ತುತ್ತಾಳೆ. ಮೈಕಲ್ ಜಿಯಾಕಿನೊ ಸಂಗೀತದ ಜೊತೆ ಆ ಮಾತುಕತೆ ಇಂದಿಗೂ ಗಂಟಲುಬ್ಬಿಸುತ್ತದೆ. ಬಿಚ್ಚದೆ ಉಳಿದ ಗಂಟುಗಳಿವೆ, ನಿಜ. ಆದರೂ ಟಿವಿ ಕಂಡ ದೊಡ್ಡ ಕಥನಗಳಲ್ಲಿ ‘ಲಾಸ್ಟ್’ ಒಂದು.