ನಕ್ಷೆ ಬರೆಯುವವರು ಯಾರು?

ಮನೆ ಮುಂದಿನ ಮೋರಿ ಕಟ್ಟಿಕೊಂಡರೆ ಜನ ಹೋಗುವುದು ಕಾರ್ಪೊರೇಟರ್ ಮನೆಗೆ. ಬೀದಿ ದೀಪ ಕೆಟ್ಟರೂ ಅವರೇ, ಕಸ ಎತ್ತದಿದ್ದರೂ ಅವರೇ. ಆದರೆ ಅದೇ ಬೀದಿಯ ಕೊನೆಯ ಖಾಲಿ ಜಾಗ ಮಕ್ಕಳ ಮೈದಾನವಾಗಿ ಉಳಿಯಬೇಕೋ, ಅಲ್ಲಿ ವಾಣಿಜ್ಯ ಸಂಕೀರ್ಣ ಏಳಬೇಕೋ ಎಂಬ ಪ್ರಶ್ನೆ ಬಂದಾಗ ಕಾರ್ಪೊರೇಟರ್ ಕೈಚೆಲ್ಲುತ್ತಾರೆ. 'ಅದು ನಮ್ಮ ಕೈಯಲ್ಲಿಲ್ಲ, ಮಾಸ್ಟರ್ ಪ್ಲಾನಿನಲ್ಲಿ ಹಾಗಿದೆ' ಎನ್ನುತ್ತಾರೆ. ಇದು ನೆಪವಲ್ಲ, ಬಹುಮಟ್ಟಿಗೆ ನಿಜ. ನಾವು ಮತ ಹಾಕಿ ಆರಿಸುವುದು ಮೋರಿ ಬಿಡಿಸುವವರನ್ನು. ಊರಿನ ನಕ್ಷೆ ಬರೆಯುವವರನ್ನಲ್ಲ.

ಸಂವಿಧಾನದ ಆಶಯ ಬೇರೆಯಿತ್ತು. 1993ರ ಜೂನ್ 1ರಂದು ಜಾರಿಗೆ ಬಂದ 74ನೇ ತಿದ್ದುಪಡಿ 12ನೇ ಅನುಸೂಚಿಯನ್ನು ಸೇರಿಸಿತು. ಅದರಲ್ಲಿರುವ 18 ವಿಷಯಗಳಲ್ಲಿ ಮೊದಲನೆಯದೇ ನಗರ ಯೋಜನೆ. ಎರಡನೆಯದು ಭೂಬಳಕೆ ಮತ್ತು ಕಟ್ಟಡ ನಿರ್ಮಾಣದ ನಿಯಂತ್ರಣ. ಕಸ, ನೀರು, ಬೀದಿ ದೀಪಗಳೆಲ್ಲ ಆಮೇಲೆ ಬರುತ್ತವೆ. ಆದರೆ ಈ ಅಧಿಕಾರಗಳನ್ನು ರಾಜ್ಯ ಶಾಸಕಾಂಗವು ನಗರಸಭೆಗಳಿಗೆ 'ಕೊಡಬಹುದು' ಎಂದಷ್ಟೇ 243 ಡಬ್ಲ್ಯು ವಿಧಿ ಹೇಳುತ್ತದೆ. 'ಕೊಡತಕ್ಕದ್ದು' ಎನ್ನುವುದಿಲ್ಲ. ಈ ಒಂದು 'ಬಹುದು' ಎಂಬ ಪದದ ನೆರಳಿನಲ್ಲಿ ರಾಜ್ಯ ಸರ್ಕಾರಗಳು ಮೂರು ದಶಕ ಆರಾಮವಾಗಿ ಕುಳಿತಿವೆ. ಪಕ್ಷ ಯಾವುದೇ ಇರಲಿ, ಈ ವಿಷಯದಲ್ಲಿ ಭಿನ್ನಮತವಿಲ್ಲ.

ಬೆಂಗಳೂರನ್ನೇ ನೋಡಿ. 1976ರ ಕಾಯ್ದೆಯ ಮೂಲಕ ಹುಟ್ಟಿದ ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರಕ್ಕೆ ದಶಕಗಳ ಕಾಲ ಮಾಸ್ಟರ್ ಪ್ಲಾನ್ ತಯಾರಿಸುವ ಹೊಣೆಯಿತ್ತು. ರೈತರ ಜಮೀನು ಸ್ವಾಧೀನಪಡಿಸಿಕೊಂಡು ಬಡಾವಣೆ ರಚಿಸಿ ನಿವೇಶನ ಹಂಚುವ ಸಂಸ್ಥೆಯೂ ಅದೇ. ಯಾವ ಜಮೀನು ಯಾವುದಕ್ಕೆ ಎಂದು ತೀರ್ಮಾನಿಸುವವರೇ ಜಮೀನಿನ ವ್ಯವಹಾರವನ್ನೂ ಮಾಡಿದರೆ ನ್ಯಾಯ ಎಲ್ಲಿಂದ ಬರಬೇಕು? ಅದರ ಅಧ್ಯಕ್ಷರನ್ನು ನೇಮಿಸುವುದು ರಾಜ್ಯ ಸರ್ಕಾರ. ಯೋಜನೆಗೆ ಅಂತಿಮ ಒಪ್ಪಿಗೆ ಕೊಡುವುದೂ ರಾಜ್ಯ ಸರ್ಕಾರವೇ.

2015ರ ಗುರಿಯಿಟ್ಟುಕೊಂಡ ಪರಿಷ್ಕೃತ ಮಾಸ್ಟರ್ ಪ್ಲಾನ್‌ಗೆ ಒಪ್ಪಿಗೆ ಸಿಕ್ಕಿದ್ದು 2007ರ ಜೂನ್‌ನಲ್ಲಿ. ಆಗ ಬೆಂಗಳೂರಿನಲ್ಲಿ ಚುನಾಯಿತ ಪಾಲಿಕೆಯೇ ಇರಲಿಲ್ಲ. ಹಳೆಯ ಪಾಲಿಕೆಯ ಅವಧಿ 2006ರಲ್ಲಿ ಮುಗಿದಿತ್ತು, ಬೃಹತ್ ಪಾಲಿಕೆಗೆ ಚುನಾವಣೆ ನಡೆದದ್ದು 2010ರಲ್ಲಿ. ಮುಂದೆ 2031ರ ಗುರಿಯ ಕರಡು 2017ರ ನವೆಂಬರ್‌ನಲ್ಲಿ ಪ್ರಕಟವಾಯಿತು. ಸಾವಿರಾರು ಆಕ್ಷೇಪಣೆಗಳು ಬಂದವು, ಕೊನೆಗೆ ಸರ್ಕಾರ ಅದನ್ನು ಕೈಬಿಟ್ಟಿತು. ಹೀಗಾಗಿ 2015 ಕಳೆದು ವರ್ಷಗಳಾದ ಮೇಲೂ 2015ರ ಯೋಜನೆಯೇ ಊರನ್ನು ಆಳಿತು.

ಈ ಯೋಜನೆಯ ಒಂದು ಅಂಶವನ್ನು ಮಾತ್ರ ಪರಿಶೀಲಿಸೋಣ. ವಸತಿ ಪ್ರದೇಶಗಳಲ್ಲಿ ಅಂಗಡಿ, ಕಚೇರಿಗಳಿಗೆ ಅದು ಅವಕಾಶ ವಿಸ್ತರಿಸಿತು. ಕೋರಮಂಗಲ, ಇಂದಿರಾನಗರದ ನಿವಾಸಿಗಳು ಇದನ್ನು ಪ್ರತಿಭಟಿಸಿದರು. ರಾತ್ರಿಯ ಗದ್ದಲ, ವಾಹನಗಳ ಸಾಲು ಅವರ ನೆಮ್ಮದಿ ಕೆಡಿಸಿತ್ತು. ಅವರ ದೂರಿನಲ್ಲಿ ಹುರುಳಿದೆ. ಆದರೆ ಶಿವಾಜಿನಗರಕ್ಕೋ ಕಲಾಸಿಪಾಳ್ಯಕ್ಕೋ ಬನ್ನಿ. ಕೆಳಗೆ ಗ್ಯಾರೇಜು, ಟೈಲರ್ ಅಂಗಡಿ, ಗುಜರಿ ವ್ಯಾಪಾರ, ಮೇಲೆ ಸಂಸಾರ. ಇಲ್ಲಿ ದುಡಿಮೆಯನ್ನೂ ವಾಸವನ್ನೂ ಬೇರ್ಪಡಿಸಿದರೆ ಬಡವನ ಅನ್ನಕ್ಕೇ ಕುತ್ತು. ಒಂದು ಬಡಾವಣೆಗೆ ಕಾಟವಾದದ್ದು ಇನ್ನೊಂದಕ್ಕೆ ಬದುಕು. ಈ ವ್ಯತ್ಯಾಸ ರಸ್ತೆಯ ಅಗಲ ಅಳೆದರೆ ತಿಳಿಯುವುದಿಲ್ಲ, ಆ ಬೀದಿಯ ಜನರನ್ನು ಕೇಳಿದರೆ ತಿಳಿಯುತ್ತದೆ. ಕೇಳುವ ವ್ಯವಸ್ಥೆಯೇ ಇಲ್ಲ ಎಂಬುದು ನಮ್ಮ ಮುಖ್ಯ ಆಕ್ಷೇಪ. ಕರಡು ಪ್ರಕಟಿಸಿ ಅರವತ್ತು ದಿನ ಆಕ್ಷೇಪಣೆ ಸ್ವೀಕರಿಸುವುದು ಕೇಳುವುದಲ್ಲ. ದಿನಗೂಲಿಯವನು ಕೂಲಿ ಬಿಟ್ಟು, ಬಣ್ಣದ ನಕ್ಷೆಯಲ್ಲಿ ತನ್ನ ಗಲ್ಲಿಯನ್ನು ಹುಡುಕಿ, ಅರ್ಜಿ ಬರೆಯಬೇಕೆಂದು ನಿರೀಕ್ಷಿಸುವುದು ಕ್ರೂರ ತಮಾಷೆ.

ಜನರಿಗೆ ಸಂಬಂಧವಿಲ್ಲದ ಯೋಜನೆಯನ್ನು ಜನ ಪಾಲಿಸುವುದೂ ಇಲ್ಲ. ಆಗ ಹುಟ್ಟುವುದು ಅಕ್ರಮ-ಸಕ್ರಮ. 2014ರ ನಿಯಮಗಳು ವಸತಿ ಕಟ್ಟಡಗಳಲ್ಲಿ ಶೇ. 50ರವರೆಗಿನ, ವಸತಿಯೇತರ ಕಟ್ಟಡಗಳಲ್ಲಿ ಶೇ. 25ರವರೆಗಿನ ಉಲ್ಲಂಘನೆಯನ್ನು ದಂಡ ಕಟ್ಟಿಸಿಕೊಂಡು ಸಕ್ರಮಗೊಳಿಸಲು ಮುಂದಾದವು. 2016ರ ಡಿಸೆಂಬರ್‌ನಲ್ಲಿ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು. 2017ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ತಡೆ ನೀಡಿತು. ನಿಯಮ ಮಾಡುವುದೂ ಸರ್ಕಾರವೇ, ಮುರಿದದ್ದನ್ನು ಮಾರುವುದೂ ಸರ್ಕಾರವೇ ಎಂಬಂತಾಯಿತು.

ಇಲ್ಲಿ ಒಂದು ಮಾತು ಏಳುತ್ತದೆ: 'ಕಾರ್ಪೊರೇಟರ್‌ಗಳ ಕೈಗೆ ಜಮೀನು ಕೊಟ್ಟರೆ ಊರನ್ನೇ ಮಾರಿಬಿಡುತ್ತಾರೆ.' ಈ ಭಯ ಆಧಾರವಿಲ್ಲದ್ದಲ್ಲ. ಇನ್ನೊಂದು ಭಯವೂ ಇದೆ. ಸ್ಥಳೀಯ ಬಹುಮತ ಯಾವಾಗಲೂ ನ್ಯಾಯದ ಪಕ್ಷದಲ್ಲಿರುವುದಿಲ್ಲ. ಕೊಳೆಗೇರಿಯವರು, ದಲಿತರು, ಅಲ್ಪಸಂಖ್ಯಾತರು ತಮ್ಮ ಪಕ್ಕದಲ್ಲಿ ಬೇಡವೆನ್ನುವವರಿಗೆ ಭೂಬಳಕೆಯ ನಿಯಮ ಒಳ್ಳೆಯ ಅಸ್ತ್ರವಾಗಬಲ್ಲದು. ಮಾಂಸದಂಗಡಿಗೋ ಸ್ಮಶಾನಕ್ಕೋ ಜಾಗ ಕೇಳಿದಾಗ ಎಲ್ಲರೂ ಹಿಂದೆ ಸರಿಯುವುದನ್ನು ನಾವು ಕಂಡಿದ್ದೇವೆ. ಕೆರೆ, ರಾಜಕಾಲುವೆಗಳು ವಾರ್ಡಿನ ಗಡಿ ನೋಡಿ ಹರಿಯುವುದಿಲ್ಲ ಎಂಬುದೂ ಸತ್ಯ.

ಆದರೆ ಇದಕ್ಕೆ ಪರಿಹಾರ ಅಧಿಕಾರವನ್ನು ವಿಧಾನಸೌಧದಲ್ಲಿ ಬಚ್ಚಿಡುವುದಲ್ಲ. ಭ್ರಷ್ಟ ಕಾರ್ಪೊರೇಟರನ್ನು ಐದು ವರ್ಷಕ್ಕೊಮ್ಮೆಯಾದರೂ ಮನೆಗೆ ಕಳಿಸಬಹುದು. ವರ್ಗವಾಗಿ ಹೋದ ಅಧಿಕಾರಿಯನ್ನು ಎಲ್ಲಿ ಹುಡುಕುವುದು? ಇಡೀ ಮಹಾನಗರಕ್ಕೆ ಸಂಬಂಧಿಸಿದ ವಿಷಯಗಳಿಗೆ ಸಂವಿಧಾನವೇ ಮಹಾನಗರ ಯೋಜನಾ ಸಮಿತಿಯನ್ನು ಕಡ್ಡಾಯಗೊಳಿಸಿದೆ. ಅದರ ಕನಿಷ್ಠ ಮೂರನೇ ಎರಡರಷ್ಟು ಸದಸ್ಯರು ಸ್ಥಳೀಯ ಸಂಸ್ಥೆಗಳ ಪ್ರತಿನಿಧಿಗಳಿಂದಲೇ, ಅವರೊಳಗಿಂದಲೇ ಆರಿಸಲ್ಪಡಬೇಕು. ಕರ್ನಾಟಕ ಈ ಸಮಿತಿಯನ್ನು ರಚಿಸಿದ್ದು 2014ರಲ್ಲಿ. ಅದೂ ಪ್ರಕರಣ ನ್ಯಾಯಾಲಯದ ಮೆಟ್ಟಿಲೇರಿದ ಮೇಲೆ. ಆಮೇಲೂ ಅದು ಸಭೆ ಸೇರಿದ್ದು ಅಪರೂಪ. ದುರ್ಬಲರ ರಕ್ಷಣೆಗೆ ಮೂಲಭೂತ ಹಕ್ಕುಗಳಿವೆ, ನ್ಯಾಯಾಲಯಗಳಿವೆ. ಈ ಬೇಲಿಯೊಳಗೆ ವಾರ್ಡಿನ ಜನ ತಮ್ಮ ವಾರ್ಡಿನ ಯೋಜನೆ ಬರೆಯಲು ಅಡ್ಡಿಯೇನು?

ಬೃಹತ್ ಪಾಲಿಕೆಯ ಚುನಾಯಿತ ಸಭೆಯ ಅವಧಿ 2020ರ ಸೆಪ್ಟೆಂಬರ್‌ನಲ್ಲಿ ಮುಗಿಯಿತು. 2011ರಲ್ಲೇ 84 ಲಕ್ಷ ಜನರಿದ್ದ ಊರು ಐದು ವರ್ಷ ಅಧಿಕಾರಿಗಳ ಆಳ್ವಿಕೆಯಲ್ಲಿತ್ತು. 2025ರ ಸೆಪ್ಟೆಂಬರ್‌ನಲ್ಲಿ ಪಾಲಿಕೆ ಐದಾಗಿ ಒಡೆಯಿತು. 2024ರ ಹೊಸ ಕಾಯ್ದೆಯ ಪ್ರಕಾರ ನಗರ ಯೋಜನೆಯ ಅಧಿಕಾರ ಗ್ರೇಟರ್ ಬೆಂಗಳೂರು ಪ್ರಾಧಿಕಾರಕ್ಕೆ ಸೇರಿತು. ಅದರ ಅಧ್ಯಕ್ಷರು ಮುಖ್ಯಮಂತ್ರಿಗಳು. ಪಾಲಿಕೆಗಳು ಹೆಚ್ಚಾದವು, ಪೆನ್ಸಿಲ್ ಮಾತ್ರ ಅದೇ ಕೈಯಲ್ಲಿದೆ.

ಮುಂದೆ ಮತ ಕೇಳಲು ಬರುವವರನ್ನು ಮೋರಿಯ ಬಗ್ಗೆ ಕೇಳೋಣ, ಅದು ನಮ್ಮ ಹಕ್ಕು. ಜೊತೆಗೆ ಇನ್ನೊಂದು ಪ್ರಶ್ನೆಯನ್ನೂ ಕೇಳೋಣ: ನಮ್ಮ ಬೀದಿಯ ನಕ್ಷೆ ಬರೆಯುವಾಗ ನೀವು ಅಲ್ಲಿರುತ್ತೀರಾ? ಇಲ್ಲವಾದರೆ, ಇರುವಂತೆ ಮಾಡಲು ನೀವೇನು ಮಾಡುತ್ತೀರಿ?