ಹಳೇ ಚೀಟಿ

ಮೊನ್ನೆ ಪುಟ್ಟಣ್ಣ ಕಣಗಾಲರ ‘ಶರಪಂಜರ’ ಮತ್ತೆ ನೋಡಿದೆ. ತ್ರಿವೇಣಿಯವರ ಕಾದಂಬರಿ ಆಧರಿಸಿದ 1971ರ ಸಿನಿಮಾ. ವಾಸಿಯಾಗಿ ಮನೆಗೆ ಬಂದ ಕಾವೇರಿ ಏನು ಮಾಡಿದರೂ ಸುತ್ತಲಿನವರಿಗೆ ಕಾಣೋದು ಹುಚ್ಚೇ. ಕಲ್ಪನಾ ಅಭಿನಯ ಈಗಲೂ ಚುಚ್ಚುತ್ತೆ. ಆದರೆ ನನ್ನದೊಂದು ತಕರಾರಿದೆ: ಕೊನೆಗೆ ಸಿಟ್ಟೆಲ್ಲ ಗಂಡನ ದ್ರೋಹದ ಮೇಲೆ ಹೋಗುತ್ತೆ, ನೋಡೋ ನಾವು ಪಾರಾಗಿಬಿಡ್ತೀವಿ.

ಪಾಪಿನಾಯಕನಹಳ್ಳಿಯ ನಮ್ಮ ಚಿಕ್ಕವ್ವ ಮಾನಸಿಕ ಕಾಯಿಲೆಗೆ ಮಾತ್ರೆ ತಗೊಳ್ತಿದ್ದಳು. ಒಂದು ರಾತ್ರಿ ಹೊಟ್ಟೆನೋವು ಅಂದಳು, ಆಸ್ಪತ್ರೆಗೆ ಒಯ್ದೆವು. ನರ್ಸ್ ಹಳೇ ಚೀಟಿ ನೋಡಿ, ‘ಇದು ಅದೇ, ಮಲಗಿಸ್ರಿ’ ಅಂದರು. ನಾನೂ ತಲೆಯಾಡಿಸಿದೆ. ಸಾಫ್ಟ್‌ವೇರ್‌ನವರು ‘ಗೊತ್ತಿರೋ ಸಮಸ್ಯೆ’ ಅಂತ ಟಿಕೆಟ್ ಮುಚ್ಚಿದ ಹಾಗೆ. ಬೆಳಿಗ್ಗೆ ನೋಡಿದರೆ ಅಪೆಂಡಿಕ್ಸ್ ಒಡೆದಿತ್ತು. ಹೇಗೋ ಬದುಕಿದಳು.

ಆ ನರ್ಸ್ ಕೆಟ್ಟವರಲ್ಲ. ಇಡೀ ವಾರ್ಡಿಗೆ ಒಬ್ಬರೇ ಇದ್ದರು. ದಣಿದಾಗಲೇ ಪೂರ್ವಗ್ರಹ ಚುರುಕಾಗೋದು. ಅದಕ್ಕೆ ಒಳ್ಳೇತನವೊಂದೇ ಸಾಲದು, ಕ್ರಮ ಬೇಕು: ಮೊದಲು ಜ್ವರ, ನಾಡಿ, ಬಿಪಿ ನೋಡಬೇಕು. ನೋವು ಎಲ್ಲಿ, 0ಯಿಂದ 10ರಲ್ಲಿ ಎಷ್ಟು ಅಂತ ರೋಗಿಯನ್ನೇ ಕೇಳಬೇಕು. ಹಳೇ ಚೀಟಿಯ ಮಾತು ಆಮೇಲೆ.

ಮುಂದಿನ ಸಲ ‘ಶರಪಂಜರ’ ನೋಡುವಾಗ ಗಂಡನನ್ನು ಬಿಡಿ, ಕಾವೇರಿಯ ಸುತ್ತ ನಿಂತವರನ್ನು ನೋಡಿ. ಅಲ್ಲಿ ನಾನಿದ್ದೇನೆ.