ಅಭಯಕ್ಕೂ ಮೊದಲು ಆಕ್ಷೇಪ ಕೇಳಿ

ವೆಸ್ಟ್ ಮಾಂಬಲಂನ ಆರ್ಯಗೌಡ ರಸ್ತೆಯಲ್ಲಿರುವ ಅಯೋಧ್ಯಾ ಮಂಟಪದಲ್ಲಿ ವಿಭೀಷಣ ಶರಣಾಗತಿಯ ಉಪನ್ಯಾಸವೆಂದರೆ ಜನ ತುಂಬುತ್ತಾರೆ. ತುಂಬುವುದು ಒಂದೇ ಒಂದು ಶ್ಲೋಕಕ್ಕಾಗಿ. ರಾಮ ಅಭಯ ಕೊಡುವ ಮಾತು ಬರುವ ತನಕ ಹರಟೆ, ಮೊಬೈಲು. ಬಂದೊಡನೆ ಕೈಮುಗಿದು ಕಣ್ಣುಮುಚ್ಚುವುದು. ಮುಗಿದೊಡನೆ ಚಪ್ಪಲಿ ಹುಡುಕುವುದು. ಇದು ಭಕ್ತಿ ಇರಬಹುದು, ರಸಿಕತೆ ಅಲ್ಲ. ಉಪನ್ಯಾಸಕಾರರೂ ಜನರ ನಾಡಿ ಹಿಡಿದುಕೊಂಡು, ಒಂದು ನಗೆಹನಿ, ಒಂದು ನಾಮಾವಳಿ ಸೇರಿಸಿ, ಹದಿನೈದು ನಿಮಿಷದಲ್ಲಿ ವಿಭೀಷಣನನ್ನು ರಾಮನ ಪಾದಕ್ಕೆ ತಲುಪಿಸಿಬಿಡುತ್ತಾರೆ.

ಚೆನ್ನೈಗೆ ಹೊಸದಾಗಿ ಬಂದ ಕನ್ನಡಿಗರಿಗಾಗಿ ಇದನ್ನು ಬರೆಯುತ್ತಿದ್ದೇನೆ. ತಮಿಳು ಪೂರ್ತಿ ಬಾರದೆಂದು ಹಿಂಜರಿಯಬೇಡಿ. ಉಪನ್ಯಾಸದ ತಮಿಳಿನಲ್ಲಿ ಸಂಸ್ಕೃತ ಧಾರಾಳವಾಗಿರುತ್ತದೆ, ವಾರದಲ್ಲಿ ಕಿವಿ ಹೊಂದಿಕೊಳ್ಳುತ್ತದೆ. ಆದರೆ ಏನನ್ನು ಕೇಳಬೇಕೆಂಬುದು ಗೊತ್ತಿರಬೇಕು. ನನ್ನ ಮಟ್ಟಿಗೆ ಶರಣಾಗತಿ ಪ್ರಸಂಗದ ಜೀವ ಇರುವುದು ಅಭಯದಲ್ಲಲ್ಲ, ಅದಕ್ಕೂ ಮೊದಲು ನಡೆಯುವ ವಾನರರ ಮಂತ್ರಾಲೋಚನೆಯಲ್ಲಿ.

ವಿಭೀಷಣ ನಾಲ್ವರು ಸಂಗಡಿಗರೊಂದಿಗೆ ಸಮುದ್ರದ ಉತ್ತರ ದಡಕ್ಕೆ ಬಂದು ಆಕಾಶದಲ್ಲೇ ನಿಲ್ಲುತ್ತಾನೆ. ತಾನು ರಾವಣನ ತಮ್ಮನೆಂದು ಮರೆಮಾಚದೆ ಹೇಳುತ್ತಾನೆ. ಸುಗ್ರೀವನಿಗೆ ಅಷ್ಟೇ ಸಾಕು: ಇವನು ವೈರಿಯ ಕಡೆಯವನು, ಕೊಲ್ಲಬೇಕು. ರಾಮ ಉಳಿದವರನ್ನೂ ಕೇಳುತ್ತಾನೆ. ಗುಣದೋಷ ತೂಗಿ ನೋಡೋಣ ಎನ್ನುತ್ತಾನೆ ಅಂಗದ. ಗೂಢಚಾರನನ್ನು ಬಿಡೋಣ ಎಂದು ಶರಭ. ಬರಬಾರದ ಹೊತ್ತಿನಲ್ಲಿ, ಬರಬಾರದ ಜಾಗಕ್ಕೆ ಬಂದಿದ್ದಾನೆ, ಶಂಕಿಸಲೇಬೇಕು ಎಂದು ಜಾಂಬವಂತ. ಮೆಲ್ಲಗೆ ಪ್ರಶ್ನಿಸಿ ಮನಸ್ಸು ತಿಳಿಯೋಣ ಎಂದು ಮೈಂದ. ಇವರಲ್ಲಿ ಒಬ್ಬನೂ ದಡ್ಡನಲ್ಲ. ಯುದ್ಧದ ಹೊಸ್ತಿಲಲ್ಲಿ ನಿಂತ ಪಾಳೆಯದಲ್ಲಿ ಯಾರೇ ಆದರೂ ಆಡಬೇಕಾದ ಮಾತುಗಳೇ ಇವು.

ಆಮೇಲೆ ಹನುಮಂತ ಏಳುತ್ತಾನೆ. ಕೆಲಸಕ್ಕೆ ಹಚ್ಚದೆ ಮನುಷ್ಯನ ಗುಣ ತಿಳಿಯದು, ಬಂದ ಕೂಡಲೇ ಕೆಲಸಕ್ಕೆ ಹಚ್ಚುವುದೂ ಸಲ್ಲ. ಎದುರಿಗೇ ನಿಂತವನಿಗೆ ಗೂಢಚಾರನೇಕೆ? ತಟ್ಟನೆ ಪ್ರಶ್ನಿಸಿದರೆ ಬುದ್ಧಿವಂತ ಅನುಮಾನಪಡುತ್ತಾನೆ, ಸ್ನೇಹಕ್ಕೆ ಬಂದವನೂ ಕೆಡುತ್ತಾನೆ. ಹೊತ್ತು, ಜಾಗ ಎರಡೂ ಸರಿಯಾಗಿಯೇ ಇವೆ: ವಾಲಿ ಸತ್ತು ಸುಗ್ರೀವ ರಾಜನಾದದ್ದನ್ನು ಕೇಳಿ, ರಾಜ್ಯದ ಆಸೆಯಿಂದಲೇ ಬಂದಿದ್ದಾನೆ. ಈ ಕೊನೆಯ ಮಾತನ್ನು ನುಂಗಿಬಿಡುವ ಉಪನ್ಯಾಸಕಾರರೇ ಹೆಚ್ಚು. ಶರಣು ಬಂದವನಿಗೆ ಆಸೆಯಿತ್ತೆಂದರೆ ಭಕ್ತರು ಬೇಸರಪಡುತ್ತಾರೆಂಬ ಅಳುಕು. ವಾಲ್ಮೀಕಿಗೆ ಆ ಅಳುಕಿಲ್ಲ. ರಾಮನೂ ಆ ಆಸೆಯನ್ನು ಒಪ್ಪಿಕೊಂಡೇ, ದೋಷವಿದ್ದರೂ ಬಿಡೆನೆನ್ನುತ್ತಾನೆ.

ಸುಗ್ರೀವ ಅಷ್ಟಕ್ಕೂ ಬಗ್ಗುವುದಿಲ್ಲ. ಕಷ್ಟದಲ್ಲಿ ಅಣ್ಣನನ್ನೇ ಬಿಟ್ಟವನು ಇನ್ನು ಯಾರನ್ನು ಬಿಡಲಾರ? ಅಣ್ಣನನ್ನು ಕೊಲ್ಲಿಸಿ ಪಟ್ಟವೇರಿದ ಸುಗ್ರೀವನ ಬಾಯಲ್ಲಿ ಈ ಮಾತು! ತನ್ನ ಹೆಣ್ಣುಹಕ್ಕಿಯನ್ನು ಹಿಡಿದ ಬೇಡನಿಗೂ ತನ್ನ ಮೈಯನ್ನೇ ಉಣಬಡಿಸಿದ ಪಾರಿವಾಳದ ಕಥೆಯನ್ನು ರಾಮ ಹೇಳುತ್ತಾನೆ, ಕಂಡು ಮುನಿಯ ಮಾತನ್ನು ನೆನಪಿಸುತ್ತಾನೆ. ಇಷ್ಟಾದ ಮೇಲೆ ಬರುತ್ತದೆ ನೀವು ಕಾಯುತ್ತಿದ್ದ ಅಭಯ. ಅದರ ಬೆನ್ನಿಗೇ ಇನ್ನೂ ದೊಡ್ಡದು: ಬಂದವನು ವಿಭೀಷಣನಾಗಲಿ, ಸ್ವತಃ ರಾವಣನೇ ಆಗಲಿ, ಕರೆದುಕೊಂಡು ಬಾ. ಆಕ್ಷೇಪಗಳ ಮೆಟ್ಟಿಲು ಹತ್ತದವರಿಗೆ ಈ ಎತ್ತರ ಕಾಣುವುದೇ ಇಲ್ಲ.

ನನ್ನ ಕಣ್ಣು ತೆರೆಸಿದವರು ಒಬ್ಬ ವೃದ್ಧ ವಿದ್ವಾಂಸರು. ಇಲ್ಲಿಗೆ ಬಂದ ಹೊಸತರಲ್ಲಿ ಕೇಳಿದ್ದು. ಅಂದು ಅವರು ಸುಗ್ರೀವನ ಎರಡನೆಯ ಆಕ್ಷೇಪಕ್ಕೇ ನಿಲ್ಲಿಸಿ ಮಂಗಳ ಹಾಡಿಬಿಟ್ಟರು. ಸುತ್ತಲಿನವರು ಗೊಣಗಿದರು. ನನಗೆ ಆ ರಾತ್ರಿ ನಿದ್ದೆ ಬರಲಿಲ್ಲ. ಸುಗ್ರೀವನ ಮಾತೇ ಸರಿಯೆಂದು ತೋರಿತ್ತು. ಮಾರನೆಯ ಸಂಜೆ ರಾಮನ ಉತ್ತರ ಕೇಳುವಾಗ, ಅದು ನನಗೇ ಕೊಟ್ಟ ಉತ್ತರವಾಗಿತ್ತು.

ಬೈಬಲಿನ ಪ್ರವಾದಿಗಳನ್ನು ಓದುವವರಿಗೂ ಆಕ್ಷೇಪ ಕೇಳುವ ಇದೇ ಕಿವಿ ಬೇಕು. ಕ್ರಿ.ಪೂ. 701ರಲ್ಲಿ ಅಶ್ಶೂರದ ಸೈನ್ಯ ಯೆರೂಸಲೇಮಿಗೆ ಬಂದಾಗ, ಅದರ ಅಧಿಕಾರಿ ರಬ್ಷಾಕೆ ಗೋಡೆಯ ಮೇಲಿನ ಜನಕ್ಕೆಲ್ಲ ತಿಳಿಯುವಂತೆ ಅವರದೇ ಭಾಷೆಯಲ್ಲಿ ಕೂಗುತ್ತಾನೆ: ಯಾವ ನಾಡಿನ ದೇವರು ತನ್ನ ಜನರನ್ನು ಉಳಿಸಿಕೊಂಡಿದ್ದಾನೆ? ಭಯಕ್ಕೆ ಪೂರ್ತಿ ಬಾಯಿ ಕೊಟ್ಟ ಮೇಲೆಯೇ ಪ್ರವಾದಿ ಯೆಶಾಯನ ಅಭಯವಚನ ಬರುವುದು. ಶತಮಾನದ ಬಳಿಕ ಹನನ್ಯನೆಂಬವನು ಎರಡೇ ವರ್ಷದಲ್ಲಿ ಹೊಸ ವೈರಿಯ ಸಂಕಟ ತೀರುತ್ತದೆಂದು ಜನ ಮೆಚ್ಚುವ ಭರವಸೆ ಕೊಟ್ಟ. ಪ್ರವಾದಿ ಯೆರೆಮೀಯ ಅದನ್ನು ಸುಳ್ಳೆಂದ. ಕ್ರಿ.ಪೂ. 586ರ ಸುಮಾರಿಗೆ ಯೆರೂಸಲೇಮಿನ ದೇವಾಲಯ ಸುಟ್ಟುಹೋಯಿತು. ಅಗ್ಗದ ಅಭಯಕ್ಕೆ ಅಲ್ಲೂ ಇಲ್ಲೂ ಗಿರಾಕಿಗಳು ಹೆಚ್ಚು.

ಅಗ್ಗವಲ್ಲದ್ದು ಹೇಗಿರುತ್ತದೆಂದು ತಿಳಿಯಲು ಶ್ರೀವೈಷ್ಣವ ಆಚಾರ್ಯ ವೇದಾಂತದೇಶಿಕರನ್ನು ನೋಡಿ. ಇದೇ ಶರಣಾಗತಿ ಪ್ರಸಂಗದ ಮೇಲೆ ‘ಅಭಯಪ್ರದಾನಸಾರ’ ಬರೆದವರು ಅವರು. 14ನೆಯ ಶತಮಾನದಲ್ಲಿ ದೆಹಲಿಯ ಸೈನ್ಯ ಶ್ರೀರಂಗದ ಮೇಲೆ ಬಿದ್ದಾಗ ಅವರು ನಮ್ಮ ಕೊಳ್ಳೇಗಾಲದ ಬಳಿಯ ಸತ್ತೇಗಾಲಕ್ಕೆ ಬಂದು ನೆಲೆಸಿದರೆಂದೂ, ಶ್ರೀರಂಗದ ಭಯ ಕಳೆಯಲೆಂದು ಬೇಡುವ ‘ಅಭೀತಿಸ್ತವ’ವನ್ನು ಅಲ್ಲೇ ರಚಿಸಿದರೆಂದೂ ಸಂಪ್ರದಾಯ ಹೇಳುತ್ತದೆ. ಆ ದಾಳಿಯಲ್ಲಿ ಊರು ಬಿಟ್ಟಿದ್ದ ಉತ್ಸವಮೂರ್ತಿ ಶ್ರೀರಂಗಕ್ಕೆ ಮರಳಿದ್ದು 1371ರಲ್ಲಿ.

ಉಳಿದದ್ದು ಸಂಕ್ಷೇಪವಾಗಿ. ಶ್ಲೋಕ ಹಾಡುವ ರಾಗ ಯಾವುದೆಂದು ತಲೆಕೆಡಿಸಿಕೊಳ್ಳಬೇಡಿ. ಊರಿಗೆ ಹೋದಾಗ ತೊರವೆ ರಾಮಾಯಣದ ಗಮಕ ಕೇಳಿ. ಕಾಸರಗೋಡಿನ ಕಡೆ ಹೋದರೆ ತಾಳಮದ್ದಲೆ ಬಿಡಬೇಡಿ. ವಾದಕ್ಕೆ ವಾದ ಕೊಡುವ ಕಲೆ ಅಲ್ಲಿ ಇನ್ನೂ ಗಟ್ಟಿಯಾಗಿದೆ. ಯುದ್ಧದಲ್ಲಿ ರಾವಣ ವಿಭೀಷಣನತ್ತ ಶಕ್ತ್ಯಾಯುಧ ಎತ್ತಿದಾಗ ಲಕ್ಷ್ಮಣ ಅಡ್ಡಬಂದು ಅದನ್ನು ಎದೆಗೆ ತೆಗೆದುಕೊಳ್ಳುವ ಸಂದರ್ಭವನ್ನೂ ಕಾದು ಕೇಳಿ. ಕೊಟ್ಟ ಅಭಯವನ್ನು ಮೈಯೊಡ್ಡಿ ನಡೆಸುವುದು ಅಲ್ಲಿ.

ಮುಂದಿನ ರಾಮನವಮಿಗೆ ಯುದ್ಧಕಾಂಡದ 17, 18ನೆಯ ಸರ್ಗಗಳನ್ನು ಓದಿಕೊಂಡು ಬನ್ನಿ, ಮುಂದಿನ ಸಾಲಿನಲ್ಲಿ ಕೂರಿ. ಉಪನ್ಯಾಸಕಾರರು ಸುಗ್ರೀವನ ಮಾತನ್ನು ಹಾರಿಸಿದರೆ, ಮುಗಿದ ಮೇಲೆ ಹತ್ತಿರ ಹೋಗಿ ನಮಸ್ಕರಿಸಿ, ಅದನ್ನೇಕೆ ಬಿಟ್ಟಿರೆಂದು ಕೇಳಿ. ಕೇಳುವವರಿದ್ದರೆ ಹೇಳುವವರೂ ಬದಲಾಗುತ್ತಾರೆ.